ಹದಿನಾರಿನ ಇಂಗ್ಲಿಷ್ ದೊರೆ

ನಮ್ಮ ಹದಿನಾರು ಎಂಬ ಹಳ್ಳಿಯಲ್ಲಿ ಇವತ್ತಿಗೂ ಒಬ್ಬ ಇಂಗ್ಲಿಷ್ ದೊರೆ ಇದ್ದಾನೆ ಅಂದರೆ ನಂಬುತ್ತೀರಾ? ನನ್ನ ಸೋದರಮಾವ ಕಣ್ರೀ! ಕೆಂಪಗಿನ ಮೈ, ಬೆಕ್ಕಿನ ಕಣ್ಣು. ಬ್ರಹ್ಮ ಬಣ್ಣ ಹಚ್ಚುವಾಗ ಊರು ತಪ್ಪಿದ್ದ. ಒಮ್ಮೆ ಊರ ನಾಟಕದಲ್ಲಿ ಕಲೆಕ್ಟರ್ ದೊರೆಯಾಗಿದ್ದೇ ತಡ, ಸುತ್ತಲ ಯಾವ ಹಳ್ಳಿಗೆ ಬ್ರಿಟಿಷರು ಬೇಕಾದರೂ ಮಾವನಿಗೇ ಕರೆ. ಆಮೇಲೆ ಸಿನಿಮಾದವರೂ ಕರೆದರು.

ಮಾವನಿಗೆ ಬರುತ್ತಿದ್ದ ಇಂಗ್ಲಿಷ್ ನಾಲ್ಕೇ ಮಾತು: ಯೆಸ್, ನೋ, ಶಟಪ್, ಫೈರ್. ಕವಲಂದೆಯ ನಾಟಕದಲ್ಲಿ ಅವೂ ಮರೆತುಹೋಗಿ, ಬೆತ್ತ ಝಳಪಿಸಿ "ಯೂಸ್ ನೋ ಹುಕ್ಸ್!" ಎಂದು ಗುಡುಗಿದ. ಕೊಕ್ಕೆ ಹಾಕಬೇಡಿ ಅಂತ ಗೊಬ್ಬರದ ಮೂಟೆಯ ಮೇಲೆ ಅಚ್ಚಾಗಿರುವ ಮಾತದು! ಜನ ಶಿಳ್ಳೆ ಹೊಡೆದದ್ದೇ ಹೊಡೆದದ್ದು.

ಸಿನಿಮಾದಲ್ಲಂತೂ ಹೀರೋನ ಗುಂಡೇಟಿಗೆ ಸತ್ತು ಬೀಳುವುದೇ ಕೆಲಸ. "ಲೆಕ್ಕ ಇಲ್ದಂಗೆ ಸತ್ತಿವ್ನಿ ಕಣ್ಲಾ, ಒಂದು ಸಲಾನೂ ಯಾರೂ ಎಣ ಎತ್ನಿಲ್ಲ" ಎನ್ನುತ್ತಿದ್ದ.

ಅತ್ತೆ ಮಾತ್ರ ಒಂದನ್ನೂ ನೋಡಲಿಲ್ಲ. ಅವರಿಗಿದ್ದವಳು ಒಬ್ಬಳೇ ಮಗಳು. ಹತ್ತು ವರ್ಷದವಳನ್ನು ಜ್ವರ ಕೊಂಡೊಯ್ದಿತು. ಅಂದು ಶೂಟಿಂಗಿನಲ್ಲಿದ್ದ ಮಾವ ದೊರೆಯ ಕೋಟಿನಲ್ಲೇ ಓಡಿಬಂದ. ಮಣ್ಣು ಮಾಡುವವರೆಗೂ ಬಂದವರಿಗೆ ನೀರು ಕೊಡುತ್ತಾ, ಜಾಗ ಮಾಡುತ್ತಾ ಓಡಾಡಿದನೇ ಹೊರತು ಒಂದು ಹನಿ ಅಳಲಿಲ್ಲ. "ದೊರೆಗಳು ಅಳಕಿಲ್ಲ ಬುಡಿ" ಅಂದರು ಅತ್ತೆ. ಅಷ್ಟೇ. ಆಮೇಲೆ ಮಗಳ ಮಾತನ್ನೇ ಅವರಿಬ್ಬರೂ ಆಡಲಿಲ್ಲ.

ಹೋದ ವರ್ಷ ಮಾವ ಅಡುಗೆಮನೆ ಬಾಗಿಲಲ್ಲಿ ನಿಂತು, "ಈ ಸಲ ದೊರೆ ಅಲ್ಲ ಕಣಮ್ಮಿ. ಅಪ್ಪನ ಪಾರ್ಟು. ಕನ್ನಡದಲ್ಲೇ ಮಾತಾಡಿವ್ನಿ. ನೀನು ನೋಡ್ಬೇಕು" ಅಂದ. ಅದೇನನ್ನಿಸಿತೋ, ಅತ್ತೆ ಒಪ್ಪಿಬಿಟ್ಟರು!

ತಿ. ನರಸೀಪುರದಲ್ಲಿ ಮಧ್ಯಾಹ್ನದ ಆಟಕ್ಕೆ ಮೂವರೂ ಹೋದೆವು. ಇಂಟರ್‌ವಲ್ ಆಯಿತು, ಫೈಟಿಂಗ್ ಆಯಿತು, ಶುಭಂ ಕೂಡ ಬಂತು. ಪರದೆಯ ಮೇಲೆ ಮಾವ ಬರಲೇ ಇಲ್ಲ. ಗುಡಿಸುವವಳು ಪೊರಕೆ ಹಿಡಿದು ಬಂದರೂ ಅವನು ಕುರ್ಚಿ ಬಿಟ್ಟೇಳಲಿಲ್ಲ. "ಕತ್ತರ್ಸಾಕವ್ರೆ" ಅಂದ, ಖಾಲಿ ಪರದೆಗೆ ಹೇಳುವವನಂತೆ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಅತ್ತೆ ಕೇಳಿದರು, "ಏನಿತ್ತು ಆ ಸೀನಲ್ಲಿ?"

"ಮಗಳು ಸತ್ತೋಗಿರ್ತಾಳೆ. ಅಪ್ಪ ಅಳ್ಬೇಕು."

"ಅತ್ತಿರಾ?"

"ಡೈರೆಕ್ಟ್ರು ಸಾಕು ಸಾಕು ಅಂದ್ರು. ನಂಗೆ ನಿಲ್ಸಕ್ಕೇ ಆಗ್ನಿಲ್ಲ. ನಮ್ ಮಗೀನ ಎಸ್ರೇ ಬಾಯಿಗೆ ಬಂದ್ಬುಡ್ತು."

ಅತ್ತೆ ಮಾವನ ಕೈಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು.

"ಕತ್ತರ್ಸಿದ್ದೇ ಒಳ್ಳೇದಾಯ್ತು ಬುಡಿ. ಆ ಅಳು ಊರೋರ್ಗೆಲ್ಲ ಯಾಕೆ? ಅದು ನಂದು."

ಮಾವನ ಭುಜ ಅಲುಗತೊಡಗಿತು. ನಮ್ಮೂರಿನ ಬಸ್ಸು ಬಂತು, ಕಂಡಕ್ಟರು ಎರಡು ಸಲ ಕೂಗಿದ, ಹೊರಟೂ ಹೋಯಿತು. ನಾವು ಮೂವರೂ ಏಳಲಿಲ್ಲ.