ಅತ್ತೆಯ ಒರಳುಕಲ್ಲಿಗೊಂದು ಟ್ರಕ್ಕು

ಆರಿಸುವ ಕೆಲಸ ಎಂದರೆ ನನಗೆ ಜ್ವರ ಬಂದ ಹಾಗಾಗುತ್ತದೆ. ಬದನೆಕಾಯಿ ಕೊಳ್ಳುವಾಗಲೂ ಒಂದೊಂದನ್ನೂ ತಿರುಗಿಸಿ, ಒತ್ತಿ, ತೊಟ್ಟು ನೋಡಿ, ಕೊನೆಗೆ ಬುಟ್ಟಿಗೆ ಹಾಕಿಕೊಂಡ ಮೇಲೂ ಬಿಟ್ಟುಬಂದದ್ದೇ ಚೆನ್ನಾಗಿತ್ತೇನೋ ಎಂದು ಹಿಂದಿರುಗಿ ನೋಡುವವನು ನಾನು. ಮದುವೆಯ ವಿಷಯದಲ್ಲಿ ಮಾತ್ರ ಈ ತಾಪತ್ರಯ ಆಗಲಿಲ್ಲ. ಅಲ್ಲಿ ಆರಿಸಿದವಳು ವಸುಧಾ. ನಾನು ಸುಮ್ಮನೆ ಕೂತಿದ್ದೆ. ನನ್ನ ಈ ಸ್ವಭಾವಕ್ಕೆ ಹೊಟ್ಟೆಪಾಡೂ ಸ್ವಲ್ಪ ಕಾರಣ. ವಿಮಾನದ ಕಾರ್ಖಾನೆಯಲ್ಲಿ, ಯಾವ ಭಾಗ ಎಷ್ಟು ಭಾರಕ್ಕೆ ಮುರಿಯುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಎಲ್ಲರೂ ರೆಕ್ಕೆ ನೋಡಿ ಆಹಾ ಎನ್ನುವಾಗ ನಾನು ಅದು ಎಲ್ಲಿ ಬಿರುಕು ಬಿಡಬಹುದು ಎಂದು ಹುಡುಕುತ್ತಿರುತ್ತೇನೆ. ಆಫೀಸಿನಲ್ಲಿ ಇದಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಇದಕ್ಕೆ ಪುಕ್ಕಲುತನ ಎಂದು ಹೆಸರು.

ಇಂಥವನ ತಲೆಗೆ ಆ ವರ್ಷ ಟ್ರಕ್ಕು ಆರಿಸುವ ಕೆಲಸ ಬಂದು ಅಂಟಿಕೊಂಡಿತು. ಕಾರಣ ನಮ್ಮ ಅತ್ತೆ, ಎಂದರೆ ವಸುಧಾಳ ತಾಯಿ. ಅಮೆರಿಕದ ಪಶ್ಚಿಮ ತುದಿಯ ಬಾಥೆಲ್ ಎಂಬ ಊರಿನ ನಮ್ಮ ಮನೆಗೆ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಇಡೀ ಅಮೆರಿಕದಲ್ಲಿ ಅವರಿಗೆ ನೋಡಬೇಕಾಗಿದ್ದುದು ಒಂದೇ ಒಂದು: ಯೆಲ್ಲೋಸ್ಟೋನಿನ ಬಿಸಿನೀರಿನ ಬುಗ್ಗೆ. ಕೆಲಸಕ್ಕಿದ್ದಷ್ಟು ವರ್ಷವೂ ಅದನ್ನು ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದು, ಹೀಗೆ ಚಿಮ್ಮುತ್ತದೆ ಎಂದು ಮಕ್ಕಳಿಗೆ ತೋರಿಸಿದ್ದರಂತೆ. ಕಣ್ಣಾರೆ ಒಮ್ಮೆಯೂ ನೋಡಿರಲಿಲ್ಲ. ಆಸೆ ದೊಡ್ಡದೇನೂ ಅಲ್ಲ. ಆದರೆ ಅತ್ತೆ ಹೊರಗಿನ ಅಡುಗೆ ಮುಟ್ಟುವವರಲ್ಲ. ಹೋಟೆಲಿನ ಊಟ ಬೇಡ, ಯಾರು ಯಾರೋ ಏನೇನೋ ಬೇಯಿಸಿದ ಬಾಡಿಗೆ ಮನೆಯ ಒಲೆಯೂ ಬೇಡ. ಅಲ್ಲಿಗೆ ಹೋಗಿ ಬರಲು ದಿನಗಟ್ಟಲೆ ಬೇಕು. "ಹಾಗಾದ್ರೆ ಅಡುಗೆಮನೇನೇ ಜೊತೆಗೆ ತಗೊಂಡು ಹೋಗೋಣ" ಎಂದಳು ವಸುಧಾ. ಅವಳು ತಮಾಷೆಗೆ ಹೇಳಿದ್ದಳೋ ಏನೋ, ಅದೇ ವಾರ ಪಕ್ಕದ ಊರು ಶೋರ್‌ಲೈನ್‌ನಲ್ಲಿ ಯಾರೋ ನಿವೃತ್ತ ದಂಪತಿ ತಮ್ಮ ಟ್ರೇಲರ್ ಮಾರುತ್ತಿರುವುದು ಗೊತ್ತಾಯಿತು. ಒಲೆ, ಸಿಂಕು, ಹಾಸಿಗೆ, ಬಚ್ಚಲು ಎಲ್ಲ ಇರುವ ಚಕ್ರದ ಮನೆ. ಆ ಯಜಮಾನನೇ ತನ್ನ ಟ್ರಕ್ಕಿನಲ್ಲಿ ಎಳೆದು ತಂದು, ನಮ್ಮ ಅಂಗಳದಲ್ಲಿ ನಿಲ್ಲಿಸಿ, ಕೈ ಕುಲುಕಿ, ಟ್ರಕ್ಕು ಬಿಚ್ಚಿಕೊಂಡು ಹೊರಟುಹೋದ. ಆಮೇಲೆ ನಮಗೆ ಅರಿವಾಯಿತು: ಎಳೆಯಲು ನಮ್ಮ ಹತ್ತಿರ ಏನೂ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಗಾದೆಗೆ ನಾವು ಅಂಗಳದಲ್ಲೇ ಉದಾಹರಣೆ ಕಟ್ಟಿಕೊಂಡಿದ್ದೆವು.

ಈ ಜಾತಿಯ ಟ್ರೇಲರಿಗೆ ಇಲ್ಲಿ ಫಿಫ್ತ್ ವೀಲ್ ಎನ್ನುತ್ತಾರೆ. ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ವಸೂ, ಐದನೇ ಚಕ್ರ ಎಲ್ಲಿದೆ ಅಂತ ಅವರನ್ನ ಕೇಳೇ" ಎಂದರು. 'ಅವರು' ಎಂದರೆ ನಾನು. ಪಕ್ಕದಲ್ಲೇ ನಿಂತಿದ್ದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅತ್ತೆ ಮದುವೆಯಾದಾಗಿನಿಂದ ನನ್ನೊಂದಿಗೆ ನೇರವಾಗಿ ಮಾತಾಡಿದವರಲ್ಲ. ಕೋಪವಲ್ಲ, ಮರ್ಯಾದೆ. ಅಳಿಯನಿಗೆ ಏನೇ ಹೇಳುವುದಿದ್ದರೂ ಮಗಳ ಮೂಲಕ. ನಾನೂ ಹಾಗೆಯೇ, "ಅತ್ತೆಗೆ ಸಾಕಾಯ್ತಂತಾ ಕೇಳು" ಎನ್ನುತ್ತ, ನನ್ನ ಎದುರೇ ಕೂತವರಿಗೆ ಅಂಚೆ ಕಳಿಸುತ್ತಿದ್ದೆ. ಐದನೇ ಚಕ್ರ ಎಂದರೆ ಟ್ರಕ್ಕಿನ ಬೆನ್ನ ಮೇಲೆ ಕೂರಿಸುವ ದುಂಡನೆಯ ಕೊಂಡಿ, ಟ್ರೇಲರಿನ ಕತ್ತು ಅದರ ಮೇಲೆ ಬಂದು ಕೂರುತ್ತದೆ, ಅದರ ಭಾರವನ್ನೂ ಟ್ರಕ್ಕೇ ಹೊರಬೇಕು ಎಂದು ವಸುಧಾಗೆ ಹೇಳಿದೆ. ಅವಳು ಕೇಳಿಸಿಕೊಂಡು, "ಕೊಂಡಿಯಂತೆ" ಎಂದು ಅಮ್ಮನಿಗೆ ಹೇಳಿದಳು. ನನ್ನ ಎಂಜಿನಿಯರಿಂಗೆಲ್ಲ ಒಂದು ಪದಕ್ಕೆ ಇಳಿಯಿತು.

ಆಮೇಲೆ ಶುರುವಾಯಿತು ಪರದಾಟ. ಎಳೆಯುವ ಟ್ರಕ್ಕುಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಚಿಕ್ಕದು ಗ್ಯಾರೇಜಿಗೆ ಹಿಡಿಸುತ್ತದೆ, ನೋಡಲು ಲಕ್ಷಣವಾಗಿದೆ. ನಡುವಿನದು ಗ್ಯಾರೇಜಿನಿಂದ ಮೂತಿ ಹೊರಗೆ ಚಾಚುತ್ತದೆ. ದೊಡ್ಡದಕ್ಕೆ ಹಿಂದೆ ಒಂದೊಂದು ಕಡೆಗೂ ಎರಡೆರಡು ಚಕ್ರ; ಅದನ್ನು ನಿಲ್ಲಿಸಿದರೆ ಪಕ್ಕದ ಮನೆಯವರು ತಮ್ಮ ಕಾರನ್ನು ಬೇರೆ ಊರಿನಲ್ಲಿ ಇಟ್ಟುಕೊಳ್ಳಬೇಕು. ದೇವಸ್ಥಾನದಲ್ಲಿ ಸಿಕ್ಕ ಸಾಫ್ಟ್‌ವೇರ್ ಗೆಳೆಯರೆಲ್ಲ ಪ್ರಸಾದ ತಿನ್ನುತ್ತಲೇ ತೀರ್ಪು ಕೊಟ್ಟರು. "ಚಿಕ್ಕದೇ ಸಾಕು ಗುರು, ಆರಾಮಾಗಿ ಎಳೆಯುತ್ತೆ, ನಾನು ವಿಡಿಯೋ ನೋಡಿದೀನಿ." ಎಳೆಯುತ್ತದೆ ಮಾರಾಯ, ಎಳೆಯುವುದು ಯಾರಿಗೆ ಬೇಕು? ಏರಿನಲ್ಲಿ ಎತ್ತು ಗಾಡಿಯನ್ನು ಎಳೆಯುವುದು ಬೇರೆ, ಇಳಿಜಾರಿನಲ್ಲಿ ಗಾಡಿ ಎತ್ತನ್ನು ತಳ್ಳುವುದು ಬೇರೆ. ನನ್ನ ಅತ್ತೆಯನ್ನು ಬೆಟ್ಟ ಇಳಿಸುವವನು ನಾನು, ನಿನ್ನ ವಿಡಿಯೋ ಅಲ್ಲ. ಹೀಗೆಲ್ಲ ಅನ್ನಬೇಕೆನಿಸಿತು. ಅನ್ನದೆ ಪ್ರಸಾದ ನುಂಗಿದೆ. ಪ್ರತಿ ಟ್ರಕ್ಕಿನ ಚಾಲಕನ ಬಾಗಿಲ ಒಳಗೆ, ಅದು ಎಷ್ಟು ಭಾರ ಹೊರಬಹುದು ಎಂದು ಬರೆದ ಚೀಟಿ ಅಂಟಿಸಿರುತ್ತಾರೆ. ಅದನ್ನು ಓದುವ ಚಟ ಎಷ್ಟು ಹತ್ತಿತೆಂದರೆ, ಒಮ್ಮೆ ತರಕಾರಿ ಅಂಗಡಿಯ ಎದುರು ಯಾರದೋ ಟ್ರಕ್ಕಿನ ತೆರೆದ ಬಾಗಿಲೊಳಗೆ ಬಗ್ಗಿದ್ದೆ. ಹಿಂದಿನಿಂದ ಅದರ ಯಜಮಾನ ಕೆಮ್ಮಿದ. ಅವನಿಗೆ ನಾನು ಕೊಟ್ಟ ವಿವರಣೆಯನ್ನು ನೆನೆದರೆ ಈಗಲೂ ಬೆವರುತ್ತೇನೆ.

ನಾನು ಹೀಗೆ ಚೀಟಿ ಓದುತ್ತಿರುವಾಗ ಬೇಸಿಗೆ ಜಾರತೊಡಗಿತು. ಅತ್ತೆಯ ವಾಪಸ್ ಟಿಕೆಟ್ಟು ಹತ್ತಿರವಾಗುತ್ತಿತ್ತು. ಹಿಮ ಬಿದ್ದರೆ ಯೆಲ್ಲೋಸ್ಟೋನಿನ ರಸ್ತೆಗಳೂ ಮುಚ್ಚುತ್ತವೆ. "ರೀ, ಅಮ್ಮ ಆ ಬುಗ್ಗೇನ ಮತ್ತೆ ಬೋರ್ಡ್ ಮೇಲೇ ಬರ್ಕೋಬೇಕಾ?" ಎಂದಳು ವಸುಧಾ. ಇತ್ತ ಅತ್ತೆ ಟ್ರೇಲರಿಗೆ ಸಾಮಾನು ತುಂಬಲು ಶುರು ಮಾಡಿಬಿಟ್ಟಿದ್ದರು. ಅದರಲ್ಲಿ ಮುಂಭಾಗ, ಟ್ರಕ್ಕಿನ ಬೆನ್ನ ಮೇಲೆ ಬರುವ ಜಾಗ, ಮೆಟ್ಟಿಲು ಹತ್ತಿ ಹೋಗುವ ಅಟ್ಟದ ಹಾಗಿದೆ. ಕೆಳಗೆ ಚಪ್ಪಲಿ ಕಾಲಿನ ಓಡಾಟ, ಮೇಲೆ ಮಡಿ ಎಂದು ಅವರ ತೀರ್ಮಾನ. ಅಕ್ಕಿ ಮೂಟೆ, ಬೇಳೆ ಡಬ್ಬ, ತೆಂಗಿನಕಾಯಿ, ಹಿತ್ತಾಳೆ ಪಾತ್ರೆ, ಮನೆಯ ನೀರು ತುಂಬಿದ ಕ್ಯಾನುಗಳು, ಎಲ್ಲ ಅಲ್ಲಿಗೇ. ಭಾರವೆಲ್ಲ ನೇರ ಕೊಂಡಿಯ ಮೇಲೆ. ಎಲ್ಲಕ್ಕೂ ಕಿರೀಟವಾಗಿ ಒರಳುಕಲ್ಲು. ಚಿಕ್ಕದೇ, ಆದರೆ ಕಲ್ಲು ಕಲ್ಲೇ. ಮೈಸೂರಿನಿಂದ ಒಂದು ಇಡೀ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದಿದ್ದರು. ಅದಕ್ಕಾಗಿ ಬಟ್ಟೆಗಳನ್ನು ಕೈಚೀಲಕ್ಕೆ ತುರುಕಿಕೊಂಡಿದ್ದರು.

"ಆ ಕಲ್ಲಾದ್ರೂ ಬೇಡ ಅಂತ ಅತ್ತೆಗೆ ಹೇಳೇ" ಎಂದೆ.

"ನೀವೇ ಹೇಳಿ. ನಿಮ್ಮಿಬ್ಬರ ಅಂಚೆ ಹಂಚಿ ಹಂಚಿ ನನಗೆ ಸಾಕಾಗಿದೆ."

"ಅಳಿಯ ಆಗಿ ನಾನು ಹೇಳೋದಾ? ಏನಂದ್ಕೊಳ್ತಾರೆ?"

"ಹಾಗಾದ್ರೆ ಹೊರಿ" ಎಂದು ಒಳಗೆ ಹೋದಳು.

ಕೊನೆಗೆ ಹಳೆಯ ಟ್ರಕ್ಕು ಮಾರುವವನೊಬ್ಬ, ಮುಂಚಿನ ಮಾಲೀಕ ಕೊಂಡಿ ಹಾಕಿಸಿದ್ದ ಒಂದು ಚಿಕ್ಕ ಟ್ರಕ್ಕನ್ನು ಮನೆಗೇ ತಂದ. ಟ್ರೇಲರ್ ಕಟ್ಟಿ ನೋಡಿ ಎಂದ. ಕಟ್ಟಿದೆವು. ಟ್ರಕ್ಕಿನ ಹಿಂಭಾಗ ಕುಕ್ಕರಗಾಲಿನಲ್ಲಿ ಕೂತಿತು, ಮೂತಿ ಆಕಾಶ ನೋಡಿತು. "ನೋ ಪ್ರಾಬ್ಲಂ" ಎಂದ ಅವನು. ಅವನು ನನ್ನ ಪಕ್ಕ, ಹಿಂದೆ ಅಮ್ಮ ಮಗಳು. ಪಕ್ಕದ ಊರು ವುಡಿನ್‌ವಿಲ್ ಕಡೆಗೆ ಹೊರಟೆವು. ಸಮನೆಲದಲ್ಲಿ ಎಲ್ಲ ಸರಿಯಿತ್ತು. ಕಣಿವೆಗೆ ಇಳಿಯುವ ರಸ್ತೆ ಬಂತು ನೋಡಿ, ಟ್ರೇಲರ್ ನಮ್ಮನ್ನು ಹಿಂದಿನಿಂದ ನೂಕತೊಡಗಿತು. ಮುಂದಿನ ಚಕ್ರಗಳಿಗೆ ನೆಲದ ಮೇಲೆ ಹಿಡಿತವೇ ಇಲ್ಲ, ಸ್ಟಿಯರಿಂಗ್ ಹಗುರವಾಗಿ ತೇಲುತ್ತಿದೆ. ಕೆಳಗೆ ಸಿಗ್ನಲ್ಲು ಕೆಂಪು, ಅದರ ಮುಂದೆ ಕಾರುಗಳ ಸಾಲು.

"ವಸೂ, ಅವರಿಗೆ ಬ್ರೇಕ್ ಒತ್ತೋಕೆ ಹೇಳೇ!"

"ರೀ, ಬ್ರೇಕ್ ಒತ್ತಬೇಕಂತೆ!"

"ಒತ್ತೇ ಇದೀನಿ ಅಂತ ಹೇಳು!"

"ಅಮ್ಮಾ, ಒತ್ತೇ ಇದಾರಂತೆ!"

"ಇನ್ನೂ ಜೋರಾಗಿ ಅನ್ನು!"

ಪ್ರಾಣ ಹೋಗುವ ಹೊತ್ತಿನಲ್ಲೂ ಮರ್ಯಾದೆ ತಪ್ಪಲಿಲ್ಲ. ಮಾರುವವನಿಗೆ ಭಾಷೆ ಅರ್ಥವಾಗದಿದ್ದರೂ ವಿಷಯ ಅರ್ಥವಾಗಿತ್ತು. ಎರಡೂ ಕೈಯಲ್ಲಿ ಮುಂದಿನ ಹಿಡಿಕೆ ಹಿಡಿದಿದ್ದ. ಸುಟ್ಟ ವಾಸನೆ ಬಂತು. ಕೊನೆಯ ಕಾರಿಗೆ ಇನ್ನೇನು ತಗುಲಿತು ಎನ್ನುವಾಗ ಸಿಗ್ನಲ್ಲು ಹಸಿರಾಗಿ ಅದು ಮುಂದೆ ಸರಿಯಿತು. ನಾವು ನಿಂತೆವು. "ಮುಂದಿನದ್ದು ನೋಡೋಣ" ಎಂದ ಮಾರುವವನು, ಬಹಳ ಮೆಲ್ಲಗೆ.

ನಡುವಿನ ಟ್ರಕ್ಕನ್ನೇ ಕೊಂಡೆ. ಅದೂ ಭಾರದ ಲೆಕ್ಕದಲ್ಲಿ ಮಿತಿಯ ಅಂಚಿಗೇ ಬಂದು ನಿಂತಿತ್ತು. ದೊಡ್ಡದನ್ನು ಕೊಳ್ಳಲು ಮನೆಯವಳು ಒಪ್ಪಲಿಲ್ಲ, ಕಲ್ಲು ಬಿಡಿ ಎನ್ನಲು ನನಗೆ ಬಾಯಿಲ್ಲ. ಹಾಗಾಗಿ ಹೊರಡುವ ದಿನ, ಅವರಿಬ್ಬರೂ ರಾಹುಕಾಲ ಕಳೆಯಲಿ ಎಂದು ಒಳಗೆ ಕಾಯುತ್ತಿದ್ದಾಗ, ಟ್ರೇಲರಿನ ಮುಂಭಾಗದಲ್ಲಿದ್ದ ಎರಡು ಗ್ಯಾಸ್ ಸಿಲಿಂಡರುಗಳನ್ನು ಸದ್ದಿಲ್ಲದೆ ಇಳಿಸಿ ಗ್ಯಾರೇಜಿನಲ್ಲಿಟ್ಟೆ. ಬೆಟ್ಟ ದಾಟುವವರೆಗೆ ಹಗುರವಾಗಿರಲಿ, ಇಲ್ಲಿ ಪೆಟ್ರೋಲ್ ಬಂಕಿನಲ್ಲೂ ಸಿಲಿಂಡರ್ ಸಿಗುತ್ತದೆ, ಆಚೆ ಊರಿನಲ್ಲಿ ಬೇರೆ ಕೊಂಡರಾಯಿತು ಎಂದು ನನ್ನ ಜಾಣತನ. ಯಾರಿಗೂ ತಿಳಿಯುವುದಿಲ್ಲ, ಯಾರಿಗೂ ನೋವಿಲ್ಲ.

ಸ್ನೋಕ್ವಾಲ್ಮಿ ಪಾಸ್ ಎಂಬ ಆ ಬೆಟ್ಟದ ದಾರಿ ಹತ್ತುವಾಗ ಉಸಿರು ಬಿಗಿಹಿಡಿದಿದ್ದೆ. ತುದಿ ದಾಟಿತು. ಟ್ರಕ್ಕು ಭದ್ರವಾಗಿ ನೆಲ ಕಚ್ಚಿ ನಡೆಯುತ್ತಿತ್ತು. ಗೆದ್ದೆ ಎಂದುಕೊಂಡೆ. ಸ್ವಲ್ಪ ಮುಂದೆ, ಸರೋವರದ ಬದಿಯಲ್ಲಿ, ವಾಹನಗಳೆಲ್ಲ ನಿಂತಿದ್ದವು. ರಸ್ತೆ ಅಗಲ ಮಾಡಲು ಬಂಡೆ ಸಿಡಿಸುತ್ತಾರಂತೆ, ಕಲ್ಲು ತೆಗೆದು ದಾರಿ ಬಿಡಲು ಬಹಳ ಹೊತ್ತಾಗುತ್ತದಂತೆ. ಜನ ಎಂಜಿನ್ ಆರಿಸಿ ಕೆಳಗಿಳಿದು ಓಡಾಡುತ್ತಿದ್ದರು. ಸಂಜೆಯಾಗುತ್ತಿತ್ತು, ಚಳಿ.

"ವಸೂ, ಅವರು ಮಧ್ಯಾಹ್ನದಿಂದ ಓಡಿಸಿ ಸುಸ್ತಾಗಿದಾರೆ. ದಾರಿ ಬಿಡೋದ್ರೊಳಗೆ ಬಿಸಿಬಿಸಿ ಉಪ್ಪಿಟ್ಟು ಮಾಡಿಬಿಡ್ತೀನಿ ಅನ್ನು. ನನಗೂ ಹೊಟ್ಟೆ ಚುರುಗುಟ್ಟುತ್ತಿದೆ."

ಬೇಡ ಎನ್ನುವಷ್ಟರಲ್ಲಿ ಅತ್ತೆ ಟ್ರೇಲರ್ ಹತ್ತಿಯಾಗಿತ್ತು. ಒಲೆಯ ಕಿವಿ ತಿರುಗಿಸಿದರು. ಟಕ್ ಟಕ್ ಎಂದಿತು. ಮತ್ತೆ ತಿರುಗಿಸಿದರು. ವಸುಧಾ ನನ್ನ ಮುಖ ನೋಡಿದಳು. ಹೆಂಡತಿಯರಿಗೆ ಅಷ್ಟೇ ಸಾಕು.

"ಗ್ಯಾಸ್ ಎಲ್ಲಿ?"

"ಮನೇಲಿ."

"ಮನೇಲಾ? ಅಮ್ಮ ಹಸ್ಕೊಂಡಿರಬಾರದು ಅಂತ ಅಡುಗೆಮನೇನೇ ಎಳ್ಕೊಂಡು ಬಂದಿದೀವಿ, ಬೆಂಕೀನೇ ಬಿಟ್ಟು ಬಂದ್ರಾ? ಯಾಕ್ರೀ?"

"ಭಾರ ಆಗುತ್ತೆ ಅಂತ ಕಣೇ! ಆ ಹಾಳು ಕಲ್ಲು ಬಿಟ್ಟಿದ್ರೆ ಸಿಲಿಂಡರ್ ತರಬಹುದಿತ್ತು!"

ಬಾಯಿಂದ ಬಂದೇಬಿಟ್ಟಿತು. ಅಂಚೆಯಿಲ್ಲ, ಮರ್ಯಾದೆಯಿಲ್ಲ. ಅದೇ ಹೊತ್ತಿಗೆ ದೂರದಲ್ಲಿ ಬಂಡೆ ಸಿಡಿಯಿತು. ಟ್ರೇಲರಿನ ಪಾತ್ರೆಗಳೆಲ್ಲ ಒಮ್ಮೆ ಝಣ್ ಎಂದವು. ಅತ್ತೆ ಒಲೆಯ ಕಿವಿ ಬಿಟ್ಟು ನನ್ನ ಕಡೆ ತಿರುಗಿದರು. ಮದುವೆಯಾದ ಮೇಲೆ ಮೊದಲ ಬಾರಿ ನೆಟ್ಟಗೆ ನನ್ನ ಮುಖ ನೋಡಿದರು.

"ಅಳಿಯಂದ್ರೇ" ಎಂದರು. ನಾನು ಹಿಂದೆ ಯಾರಾದರೂ ಇದ್ದಾರೇನೋ ಎಂದು ನೋಡಿದೆ. "ಆ ಕಲ್ಲು ನನಗೆ ಅಂತ ತಂದೆ ಅಂದ್ಕೊಂಡ್ರಾ? ಮದುವೆಯಾದ ಹೊಸದ್ರಲ್ಲಿ ನೀವು ವಸೂ ಹತ್ರ ಹೇಳಿ ಕಳಿಸಿದ್ರಿ. ಅತ್ತೆ ಒರಳಲ್ಲಿ ರುಬ್ಬಿದ ಚಟ್ನಿ ಮುಂದೆ ಮಿಕ್ಸಿದು ಏನೂ ಅಲ್ಲ ಅಂತ. ಅವತ್ತಿನಿಂದ ನೀವು ಬಂದಾಗೆಲ್ಲ ನಾನು ಮಿಕ್ಸಿ ಮುಟ್ಟಿಲ್ಲ. ಮೊಣಕೈ ನೋಯುತ್ತೆ, ಆದ್ರೂ ಮುಟ್ಟಿಲ್ಲ. ಈಗ ನಿಜ ಹೇಳಿ. ಮಿಕ್ಸಿ ಚಟ್ನಿ ನಿಮಗೆ ಆಗುತ್ತೋ ಇಲ್ವೋ? ಆಗುತ್ತೆ ಅನ್ನಿ, ಈ ಕಲ್ಲನ್ನ ಇಲ್ಲೇ ಆ ಕಲ್ಲುಗಳ ಜೊತೆ ಇಟ್ಟು ಹೋಗ್ತೀನಿ."

ದೇವರಾಣೆಗೂ ನನಗೆ ಎರಡು ಚಟ್ನಿಗಳ ವ್ಯತ್ಯಾಸ ತಿಳಿಯುವುದಿಲ್ಲ. ಅವತ್ತು ಹೊಸ ಅಳಿಯ ಏನಾದರೂ ಹೊಗಳಬೇಕಲ್ಲ ಎಂದು ಬಾಯಿಗೆ ಬಂದದ್ದನ್ನು ಹೇಳಿ ಕಳಿಸಿದ್ದೆ, ಅಷ್ಟೆ. ಅದಕ್ಕಾಗಿ ಈ ಹೆಂಗಸು ಬಟ್ಟೆ ಬಿಟ್ಟು ಕಲ್ಲು ಹೊತ್ತು ಸಮುದ್ರ ದಾಟಿದ್ದರು. ಆಗುತ್ತೆ ಎನ್ನುವ ಒಂದೇ ಪದ ಸಾಕಿತ್ತು. ಅವರ ಮೊಣಕೈಗೂ ಒಳ್ಳೆಯದು, ನನ್ನ ಟ್ರಕ್ಕಿಗೂ ಒಳ್ಳೆಯದು. ಆ ಮುಖವನ್ನು ನೋಡಿದೆ.

"ಮಿಕ್ಸಿಯಲ್ಲಿ ಆ ರುಚಿ ಎಲ್ಲಿ ಬರುತ್ತೆ ಅತ್ತೆ" ಎಂದೆ.

ವಸುಧಾ ಹಣೆ ಚಚ್ಚಿಕೊಂಡಳು. ಅತ್ತೆಯ ಮುಖ ಅರಳಿತು. "ನನಗೆ ಗೊತ್ತಿತ್ತು" ಎನ್ನುತ್ತ ಅವಲಕ್ಕಿ ನೆನೆಸಿ, ಮೊಸರು ಸುರಿದು, ಉಪ್ಪಿನಕಾಯಿ ಹಾಕಿ ಕಲಸಿದರು. ಬೆಂಕಿ ಬೇಕಾಗಲಿಲ್ಲ. ಮೊದಲ ತಟ್ಟೆ ನೇರವಾಗಿ ನನ್ನ ಕೈಗೇ ಬಂತು. ಕಲ್ಲನ್ನು ಹೊತ್ತುಕೊಂಡೇ ಉಳಿದ ಇಳಿಜಾರನ್ನೂ ಇಳಿದೆವು. ಬಿಳಿಚಿದ ನನ್ನ ಬೆರಳುಗಳನ್ನು ಯಾರೂ ಗಮನಿಸಲಿಲ್ಲ. ಬುಗ್ಗೆ ಚಿಮ್ಮಿದ ದಿನ ಅತ್ತೆ ಅದರ ಎದುರು ನಿಂತು ಗಾಳಿಯಲ್ಲೇ ಬೆರಳಿನಿಂದ ಚಿತ್ರ ಬರೆಯುತ್ತ, ಪಕ್ಕದಲ್ಲಿದ್ದ ಯಾರೋ ಅಮೆರಿಕನ್ ಮಕ್ಕಳಿಗೆ ಕನ್ನಡದಲ್ಲಿ ಪಾಠ ಮಾಡಿದರು. ಅವರೂ ಪಾಪ ನಿಂತು ಕೇಳಿದರು. ನನಗೆ ಕಣ್ಣು ಒದ್ದೆಯಾಯಿತು. ತಪ್ಪನ್ನು ಹಬೆಯ ಮೇಲೆ ಹಾಕಿದೆ.

ಮೈಸೂರಿಗೆ ಹಿಂದಿರುಗುವಾಗ ವಿಮಾನ ನಿಲ್ದಾಣದಲ್ಲಿ ಅತ್ತೆ ಮಗಳನ್ನು ದಾಟಿ ನನ್ನ ಹತ್ತಿರವೇ ಬಂದರು. ಈಗ ನಮ್ಮಿಬ್ಬರ ನಡುವೆ ಅಂಚೆಯವಳಿಲ್ಲ. "ಅಳಿಯಂದ್ರೇ, ಆ ಕಲ್ಲು ಇಲ್ಲೇ ಇರ್ಲಿ. ಆದ್ರೆ ಅದು ಚಿಕ್ಕದು, ಚಟ್ನಿ ಅಷ್ಟು ನುಣ್ಣಗೆ ಆಗಲ್ಲ. ನಿಮ್ಮ ನಾಲಿಗೆಗೆ ಗೊತ್ತಾಗಿರುತ್ತೆ, ಸಂಕೋಚಕ್ಕೆ ಹೇಳಿಲ್ಲ. ಮುಂದಿನ ಸಲ ಮನೆಯ ದೊಡ್ಡ ಒರಳನ್ನೇ ತರ್ತೀನಿ. ಆಗಬಹುದಲ್ಲ?"

"ಧಾರಾಳವಾಗಿ ತನ್ನಿ ಅತ್ತೆ" ಎಂದೆ.

ಹಿಂದೆ ಎರಡೆರಡು ಚಕ್ರವಿರುವ ಆ ದೊಡ್ಡ ಟ್ರಕ್ಕನ್ನು ಮಾರನೆಯ ದಿನವೇ ಹೋಗಿ ಕೊಂಡು ತಂದೆ. ಈ ಬಾರಿ ಆರಿಸಲು ನನಗೆ ಸ್ವಲ್ಪವೂ ಹೊತ್ತು ಹಿಡಿಯಲಿಲ್ಲ.