ನಾಳೆಯ ಸಮಾರಂಭಕ್ಕೆ ಹೋದ ವಾರದ ವರದಿ

ಬಹಳ ಹಿಂದೆ, ಅಂದರೆ ಈ ಪತ್ರಿಕೆ ನಿಮ್ಮ ಮನೆ ಬಾಗಿಲಿಗೆ ಬಂದು ಬೀಳುವುದಕ್ಕೆ ತುಂಬ ಮೊದಲು, ಘೋಷಣಾಪುರ ಎಂಬ ರಾಜ್ಯವಿತ್ತು. ಅಲ್ಲಿನ ತುಂಬಿದ ಆಸ್ಥಾನದಲ್ಲಿ ವಾರ್ತಾಮಂತ್ರಿ ಬಹುಪರಾಕಯ್ಯ ಒಂದು ಹಾಳೆಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎತ್ತಿ ತೋರಿಸಿದ.

“ಇದು ವರದಿಯೇನೋ? ಕೋಳಿ ಕೆದರಿದ ತಿಪ್ಪೆ! ಇಂಥದ್ದು ಬರೆಯೋಕೆ ನಿಮ್ಮಪ್ಪ ನಿನ್ನ ಗುರುಕುಲಕ್ಕೆ ಹಾಕಿದ್ನಾ?”

ಆಸ್ಥಾನ ಶಿಸ್ತಾಗಿ ನಕ್ಕಿತು. ಎದುರು ನಿಂತಿದ್ದ ಕೆಂಚಪ್ಪನ ಕಿವಿ ಕಾದವು. ರಾಜಗುರುಕುಲದ ಗೋಡೆಪತ್ರಿಕೆಗೆ ಸಂಪಾದಕ, ವರದಿಗಾರ, ಗೋಂದು ಹಚ್ಚುವವ ಎಲ್ಲ ಅವನೇ. ಬರೆದದ್ದು ಇಷ್ಟೇ: ಅರಮನೆಯ ಚರಂಡಿ ಗುರುಕುಲದ ಬಾವಿಗೆ ಸೇರುತ್ತಿದೆ, ನಲವತ್ತು ಹುಡುಗರು ಹಾಸಿಗೆ ಹಿಡಿದಿದ್ದಾರೆ, ಚರಂಡಿ ತಿರುಗಿಸಬೇಕು. ನಲವತ್ತರಲ್ಲಿ ಒಬ್ಬ ಅವನ ತಮ್ಮ.

ಬೈಗುಳ ನುಂಗಿ ನಿಲ್ಲಲು ಕಾರಣವಿತ್ತು. ಮಹಾರಾಜ ಕೀರ್ತಿವಿಲಾಸರು ‘ಅತ್ಯುತ್ತಮ ವಿದ್ಯಾರ್ಥಿ ಪತ್ರಕರ್ತ’ ಪ್ರಶಸ್ತಿ ಸ್ಥಾಪಿಸಿ, ಗೆದ್ದ ವರದಿಯಂತೆ ರಾಜ್ಯವು ಅಕ್ಷರಶಃ ನಡೆಯತಕ್ಕದ್ದು ಎಂದು ಆಜ್ಞಾಪಿಸಿದ್ದರು. ಸ್ಪರ್ಧೆಗೆ ಕೊಟ್ಟ ಈ ವರದಿ ಗೆದ್ದರೆ ಬಾವಿ ಉಳಿಯುತ್ತದೆ.

“ನಮೂನೆ ಏಳರಲ್ಲಿ ಚರಂಡಿ ಅಧಿಕಾರಿಯ ಒಪ್ಪಿಗೆ ಪತ್ರ ಎಲ್ಲಿ?” ಎಂದ ಮಂತ್ರಿ.

“ಅವ್ರ ಮೇಲೇ ಬರೆದಿರೋದು ಸ್ವಾಮಿ.”

“ಅದಕ್ಕೇ ಕೇಳ್ತಿರೋದು! ಯಾರನ್ನ ಬೈತೀಯೋ ಅವರನ್ನ ಒಂದು ಮಾತು ಕೇಳ್ಬೇಡ್ವಾ? ಮರ್ಯಾದೆ ಬೇಡ್ವಾ?”

ಪ್ರಶಸ್ತಿ ಮಂತ್ರಿಯ ಸೋದರಳಿಯ ವಿನೀತಸೇನನ ಪಾಲಾಯಿತು. ಅವನು ಬರೆದದ್ದು ಪ್ರಶಸ್ತಿ ಪ್ರದಾನ ಸಮಾರಂಭದ ವರದಿ. ಸಮಾರಂಭ ನಾಳೆ, ವರದಿ ಹೋದ ವಾರದ್ದು.

“ಆಹಾ! ಘಟನೆ ಘಟಿಸುವ ಮುನ್ನವೇ ಬ್ರೇಕಿಂಗ್ ನ್ಯೂಸ್!” ಮಹಾರಾಜರು ಚಪ್ಪಾಳೆ ತಟ್ಟಿದರು.

“ತಮ್ಮ ಆಳ್ವಿಕೆಯಲ್ಲಿ ಎಲ್ಲ ಮೊದಲೇ ಒಳ್ಳೇದಾಗಿರುತ್ತೆ ಪ್ರಭು. ನಮ್ಮ ಹುಡುಗ ಬರೀ ಬರ್ಕೊಂಡ” ಎಂದ ಮಂತ್ರಿ.

ಇನ್ನು ರಾಜ್ಯ ವರದಿಯಂತೆ ನಡೆಯಬೇಕಲ್ಲ! ‘ಹತ್ತು ಸಾವಿರ ಜನ ಸ್ವಯಂಪ್ರೇರಿತರಾಗಿ ಬಂದರು’ ಎಂದಿತ್ತು. ಮರುದಿನ ಸೈನಿಕರು ಮನೆಮನೆಗೂ ಹೋಗಿ ಸ್ವಯಂಪ್ರೇರಣೆ ತುಂಬಿ ಎಳೆತಂದರು. ‘ಆನಂದಬಾಷ್ಪ ಹರಿಯಿತು’ ಎಂದಿತ್ತು. ಹೆಚ್ಚಿದ ಈರುಳ್ಳಿ ಹಂಚಿದರು. ‘ಎಲ್ಲರೂ ತಂಪು ಪಾನಕವನ್ನು ಕೊನೆಯ ಹನಿಯವರೆಗೂ ಸವಿದರು’ ಎಂದಿತ್ತು. ಅಷ್ಟು ನೀರು ಸೇದಲು ಹತ್ತಿರವಿದ್ದದ್ದು ಗುರುಕುಲದ ಬಾವಿಯೊಂದೇ.

“ಕುಡೀಬೇಡ್ರಪ್ಪೋ! ಚರಂಡಿ ನೀರು ಅದು!” ಕೆಂಚಪ್ಪ ಗಂಟಲು ಹರಿಯುವಂತೆ ಕೂಗಿದ.

ಸಾಲಿನಲ್ಲಿದ್ದ ಮುದುಕಿಯೊಬ್ಬಳು ಲೋಟ ಮೂಸಿದಳು. “ನಂಗೂ ವಾಸ್ನೆ ಬರ್ತೈತೆ ಕಣ್ ಮಗಾ. ಕುಡೀದಿದ್ರೆ ವರದಿ ಸುಳ್ಳಾಯ್ತದಂತೆ. ಸುಳ್ಳು ಮಾಡ್ದೋರಿಗೆ ಛಡಿಯೇಟಂತೆ.” ಮೂಗು ಹಿಡಿದು ಗಟಗಟ ಇಳಿಸಿಬಿಟ್ಟಳು.

ಭಾಷಣಗಳು ಮುಗಿದು ವಿನೀತಸೇನನ ಕೊರಳಿಗೆ ಚಿನ್ನದ ಪದಕ ಬೀಳುವ ಹೊತ್ತಿಗೆ ಪಾನಕವೂ ತನ್ನ ಕೆಲಸ ಶುರು ಮಾಡಿತ್ತು. ‘ಜನ ಕೂತಲ್ಲಿ ಕೂರಲಾರದೆ ಎದ್ದು ನಿಂತರು’ ಎಂಬ ಕೊನೆಯ ಸಾಲೂ ಅಕ್ಷರಶಃ ನಿಜವಾಯಿತು.

ಪ್ರಜೆಗಳು ಹೊಟ್ಟೆ ಹಿಡಿದುಕೊಂಡು ದಿಕ್ಕಾಪಾಲಾಗಿ ಓಡುವುದನ್ನು ಕಂಡು ಮಹಾರಾಜರು, “ಎಂಥ ಉತ್ಸಾಹ!” ಎಂದು ಕೈಬೀಸಿದರು. ಮಂತ್ರಿಗೂ ಉದಾರ ಬುದ್ಧಿ ಬಂತು. “ಏಯ್ ಕೆಂಚ, ಬಾರೋ, ನಿಂಗೂ ಸಮಾಧಾನಕರ ಬಹುಮಾನ ಇದೆ. ಮುಂದಿನ ಸಲ ಒಂದೊಳ್ಳೆ ಸುದ್ದಿ ಬರೀತೀಯೇನೋ?”

ಕೆಂಚಪ್ಪ ಗೋಂದಿನ ಡಬ್ಬಿ ಎತ್ತಿಕೊಂಡ. ಖಾಲಿ ಗೋಡೆಯೊಂದನ್ನು ಹುಡುಕುತ್ತ ನಡೆದುಬಿಟ್ಟ.