ಉಪ್ಪಿನಕಾಯಿ ಜಾಡಿಯ ತಳದಲ್ಲಿ ಚಿನ್ನ

ಕ್ರಮ ಎನ್ನುವುದು ನನಗೆ ಉಸಿರಾಟದಷ್ಟು ಸಹಜ. ಹಾಸಿಗೆ ಮಡಿಸದೆ ಮುಖ ತೊಳೆದವನಲ್ಲ, ಕೊಡೆಯನ್ನು ಗೂಟಕ್ಕೆ ಹಾಕದೆ ಚಪ್ಪಲಿ ಬಿಟ್ಟವನಲ್ಲ. ಇಂಥವನಿಗೆ ಕಲ್ಲು ಆಯುವ ಹುಚ್ಚು ಹಿಡಿದರೆ ಆ ಹುಚ್ಚಿಗೂ ಒಂದು ವೇಳಾಪಟ್ಟಿ ಇರುತ್ತದೆ. ನಯಾಪೈಸೆ ಹೊಸದಾಗಿ ಬಂದ ಕಾಲ. ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದೆ. ಭಾನುವಾರ ಬೆಳಕು ಹರಿದರೆ ಸುತ್ತಿಗೆ, ಚೀಲ ಹಿಡಿದು ಒಮ್ಮೆ ತೊಂಡೇಬಾವಿಯ ಗುಡ್ಡ, ಒಮ್ಮೆ ಚಿಂತಾಮಣಿಯ ಬಂಡೆಗಳು. ಚಿನ್ನದ ಗಣಿಯಿರುವ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಪ್ರತಿ ಕಲ್ಲೂ ಏನನ್ನೋ ಬಚ್ಚಿಟ್ಟುಕೊಂಡಂತೆ ಕಾಣುತ್ತದೆ. ತಂದ ಕಲ್ಲಿಗೆ ಐದು ಪರೀಕ್ಷೆ: ಬಣ್ಣ, ಹೊಳಪು, ತೂಕ, ಗೆರೆ, ಕೊನೆಗೆ ಸುತ್ತಿಗೆ. ಇವುಗಳಲ್ಲಿ ನನಗೆ ಅಚ್ಚುಮೆಚ್ಚಿನದು ಗೆರೆ. ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ, ಮೈಬಣ್ಣದಲ್ಲಿ ಸುಳ್ಳು ಹೇಳುವ ಕಲ್ಲೂ ಗೆರೆಯಲ್ಲಿ ನಿಜ ಹೇಳಿಬಿಡುತ್ತದೆ. ಚಿನ್ನದ ಗೆರೆ ಹಳದಿ. ಚಿನ್ನದಂತೆಯೇ ಹೊಳೆದು ಮೋಸ ಮಾಡುವ ಪೈರೈಟ್ ಎಂಬ ಕಲ್ಲೊಂದಿದೆ, ಅದರ ಗೆರೆ ಕಪ್ಪು. ತೊಂದರೆ ಏನೆಂದರೆ ನಮ್ಮ ಮನೆಯಲ್ಲಿ ಮೆರುಗಿಲ್ಲದ ಪಿಂಗಾಣಿ ಇದ್ದದ್ದು ಒಂದೇ ಕಡೆ, ನನ್ನ ಹೆಂಡತಿ ಜಯಮ್ಮ ತವರಿನಿಂದ ತಂದ ಉಪ್ಪಿನಕಾಯಿ ಜಾಡಿಯ ತಳದಲ್ಲಿ. ವರ್ಷಕ್ಕೊಮ್ಮೆ ಅವಳು ಅದನ್ನು ಖಾಲಿ ಮಾಡಿ ತೊಳೆದು ಕವುಚಿಟ್ಟಾಗ ನನ್ನ ಪ್ರಯೋಗಾಲಯ ತೆರೆಯುತ್ತಿತ್ತು. ಅಲ್ಲಿಯವರೆಗೆ ಕಲ್ಲುಗಳು ಕಿಟಕಿಯ ಮೇಲೆ ಸಾಲಾಗಿ ಕಾಯುತ್ತಿದ್ದವು.

ಅವಳ ತಮ್ಮ ಮುನಿಶಾಮಪ್ಪ ಮಾತ್ರ ಕಾಯುವ ಸ್ಥಿತಿಯಲ್ಲಿರಲಿಲ್ಲ. ಜಂಗಮಕೋಟೆಯಲ್ಲಿ ಹಿಪ್ಪುನೇರಳೆ ತೋಟಕ್ಕೆಂದು ಬಾವಿ ತೋಡಿಸುತ್ತಿದ್ದವನು, ಒಂದು ಮಧ್ಯಾಹ್ನ ಬಂದವನೇ ಬಾಗಿಲು ಹಾಕಿ ಟವಲಿನ ಗಂಟು ಬಿಚ್ಚಿದ. ಒಳಗೆ ಮುಷ್ಟಿಗಾತ್ರದ ಕಲ್ಲು, ಮೈತುಂಬ ಹಳದಿ ಹೊಳಪು.

"ಬಾವಿ ಕೆಲಸ ನಿಲ್ಸಿಬಿಟ್ಟೆ ಬಾವ. ಆಳುಗಳಿಗೆ ದಿನ ಚೆನ್ನಾಗಿಲ್ಲ ಅಂದಿದ್ದೀನಿ. ಚಿನ್ನ ಸಿಕ್ಕೋ ಕಡೆ ನೀರು ಯಾತಕ್ಕೆ?"

"ರೇಷ್ಮೆ ಹುಳುಗಳಿಗೆ ಸೊಪ್ಪು?"

"ಅದು ಬಾಡ್ತಾ ಐತೆ. ಅದಕ್ಕೇ ಬೇಗ ಹೇಳಿ. ಹೆಂಡ್ತಿ ಸೊಂಟಕ್ಕೆ ಡಾಬು ಮಾಡಿಸ್ತೀನಿ ಅಂತ ಬೇರೆ ಅಂದ್ಬಿಟ್ಟಿದ್ದೀನಿ."

"ಅಕ್ಕಸಾಲಿಗನ ಹತ್ತಿರ ಉಜ್ಜಿಸಬಹುದಿತ್ತಲ್ಲೋ?"

"ಚೆನ್ನಾಗಿ ಹೇಳಿದ್ರಿ! ಸಂಜೆಯೊಳಗೆ ಶಿಡ್ಲಘಟ್ಟವೆಲ್ಲ ನನ್ನ ಬಾವಿ ಸುತ್ತ ನಿಂತಿರ್ತದೆ."

ಸುತ್ತಿಗೆಯಿಂದ ಒಂದು ಏಟು ಹಾಕಿದ್ದರೆ ಸಾಕಿತ್ತು. ಚಿನ್ನವಾದರೆ ಚಪ್ಪಟೆಯಾಗುತ್ತದೆ, ಪೈರೈಟ್ ಆದರೆ ಪುಡಿಯಾಗುತ್ತದೆ. ಆದರೆ ಸುತ್ತಿಗೆಯ ಸರದಿ ಐದನೆಯದು. ಬಣ್ಣ, ಹೊಳಪು, ತೂಕ ಮುಗಿಸಿದೆ; ಗೆರೆ ಎಳೆಯದೆ ಮುಂದೆ ಹೋಗುವಂತಿರಲಿಲ್ಲ. ಜಾಡಿಯಲ್ಲಿ ಕುತ್ತಿಗೆಯವರೆಗೆ ಮಾವಿನಕಾಯಿ. ಜಯಮ್ಮ ಪಕ್ಕದ ಮನೆಗೆ ಹೋಗಿದ್ದಳು. ಮುನಿಶಾಮಪ್ಪ ಜಾಡಿಯನ್ನು ಅಪ್ಪಿಕೊಂಡು ಎತ್ತಿದ. ನಾನು ಚಾಪೆ ಹಾಸಿ, ಕನ್ನಡಕ ಒರೆಸಿಕೊಂಡು, ಅವನ ಕಾಲುಗಳ ನಡುವೆ ಅಂಗಾತ ಮಲಗಿದೆ.

"ಬೇಗ ಬಾವ, ಕೈ ಜಾರ್ತಾ ಐತೆ!"

"ಅಲ್ಲಾಡಬೇಡವೋ!" ಎಂದು ಗೆರೆ ಎಳೆದೆ. ಹಳದಿ! ಅಚ್ಚ ಹಳದಿ! "ಚಿನ್ನ ಕಣೋ!" ಎಂದು ಮಲಗಿದ್ದಲ್ಲೇ ಕೂಗಿದೆ. ಜಾಡಿ ಕುಣಿಯಿತು, ಕನ್ನಡಕದ ಮೇಲೆ ಎಣ್ಣೆ ಬಿತ್ತು, ಜಯಮ್ಮ ಒಳಗೆ ಬಂದಳು.

"ಏನ್ರೀ ಇದು? ಮೇಲೆ ನನ್ನ ತಮ್ಮ, ಕೆಳಗೆ ನೀವು, ನಡುವೆ ನನ್ನ ಜಾಡಿ!"

"ಅಕ್ಕಾ, ಚಿನ್ನ ಸಿಕ್ತು ಕಣೇ!"

ಅವಳು ಮೊದಲು ಜಾಡಿಯನ್ನು ಅವನ ಕೈಯಲ್ಲೇ ಕೊಂಚ ಓರೆ ಮಾಡಿಸಿದಳು. ನನ್ನ ಗೆರೆಯ ಮೇಲೆ ಬೆರಳಾಡಿಸಿ ಮೂಸಿದಳು. ಆಮೇಲೆ ಆ ಬೆರಳನ್ನು ನನ್ನ ಮೂಗಿಗೆ ಹಿಡಿದಳು.

"ಮೂಸಿ ನೋಡಿ ಮೇಷ್ಟ್ರೇ. ಚಿನ್ನಕ್ಕೆ ಮೆಂತ್ಯದ ವಾಸನೆ ಇರ್ತದಾ?"

ಸೋರಿದ ಎಣ್ಣೆಯಲ್ಲಿ ಅರಿಶಿನ ಇಳಿದು ತಳವನ್ನೆಲ್ಲ ಹಳದಿ ಮಾಡಿತ್ತು. ಅದರ ಮೇಲೆ ಧೂಳು ಕೂತಿತ್ತು. ನಾನು ಕೆರೆದದ್ದು ಧೂಳನ್ನು, ಕಂಡುಹಿಡಿದದ್ದು ಅರಿಶಿನವನ್ನು. ಅವಳು ಒದ್ದೆ ಬಟ್ಟೆಗೆ ಬೂದಿ ಹಚ್ಚಿ ತಳ ತಿಕ್ಕಿದಳು. ಮತ್ತೆ ಗೆರೆ ಎಳೆದೆ. ಕಾಡಿಗೆಯಂಥ ಕಪ್ಪು. ಇಷ್ಟಾದ ಮೇಲೂ ನಾನು ಕ್ರಮ ಬಿಡಲಿಲ್ಲ, ಸುತ್ತಿಗೆಯಿಂದ ಹೊಡೆದೆ. ಮುನಿಶಾಮಪ್ಪನ ಡಾಬು ಪುಡಿಪುಡಿಯಾಯಿತು.

ಅವನ ಮುಖ ನೋಡಲಾಗಲಿಲ್ಲ. ಜಯಮ್ಮನೇ ಹೇಳಿದಳು: "ಹೋಗಪ್ಪ, ಬಾವಿ ತೋಡಿಸು. ಹುಳ ಚಿನ್ನ ತಿನ್ನಲ್ಲ."

"ಡಾಬಿಗೇನು ಹೇಳ್ಲಿ ಅಕ್ಕ?"

"ಗೂಡು ಮಾರಿ ಒಂದು ಸೀರೆ ತಕ್ಕೊಡು. ಸೆರಗು ಸುತ್ತಿದ್ರೆ ಸೊಂಟ ಯಾರಿಗೂ ಕಾಣಲ್ಲ."

ಮರುದಿನವೇ ಆಳುಗಳಿಗೆ ದಿನ ಚೆನ್ನಾಯಿತು. ಇನ್ನೊಂದಿಷ್ಟು ಆಳಕ್ಕೆ ನೀರೂ ಸಿಕ್ಕಿತು, ಸೊಪ್ಪು ಉಳಿಯಿತು. ಮೊದಲ ನೀರನ್ನು ಅವನು ಬಿಂದಿಗೆಯಲ್ಲಿ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಕ್ಕನಿಗೆ ತಂದುಕೊಟ್ಟ. ಜಯಮ್ಮ ಅದರಲ್ಲಿ ಅರ್ಧ ದೇವರ ಮುಂದಿಟ್ಟಳು, ಉಳಿದರ್ಧವನ್ನು ಬೂದಿ, ಬಟ್ಟೆ, ಜಾಡಿಗಳ ಸಮೇತ ನನ್ನ ಮುಂದಿಟ್ಟಳು.

ಅಂದಿನಿಂದ ನನ್ನ ಪರೀಕ್ಷೆಗಳು ಆರು. ಮೊದಲನೆಯದು ಜಾಡಿಯ ಹೊರಮೈ ತೊಳೆಯುವುದು. ಈಗ ಮಂಡಿ ನೋವು, ಗುಡ್ಡ ಹತ್ತಲಾಗದು, ಕಲ್ಲೂ ಸಿಗದು. ಆದರೂ ಭಾನುವಾರ ಬಂದರೆ ಅವಳು ಜಾಡಿಯನ್ನು ಹಿತ್ತಿಲಿಗೆ ತಂದಿಡುತ್ತಾಳೆ. "ಕಲ್ಲೇ ಇಲ್ಲವಲ್ಲೇ" ಎಂದರೆ, "ಇಲ್ಲದಿದ್ರೆ ಬೇಡ. ಕ್ರಮ ತಪ್ಪಬಾರದು ಅಂತ ನೀವೇ ಅಲ್ವಾ ಹೇಳೋದು?" ಎನ್ನುತ್ತಾಳೆ.